ಅಗ್ಗದ ವಿಮಾನ ಟಿಕೆಟ್ ಎಲ್ಲಿ ಸಿಗತ್ತೆ, ಯಾವ ಒಳದಾರಿ ಹಿಡೀಬಾರ್ದು

(ನಮ್ಮ ಬಡಾವಣೆಯ ಹಿರಿಯರ ಕೂಟದಲ್ಲಿ ಹೋದ ಭಾನುವಾರ ಮಾತಾಡಿದ್ದು. ಬರೆದು ಕೊಡಿ ಅಂತ ತುಂಬಾ ಜನ ಕೇಳಿದ್ರು, ಅದಕ್ಕೆ ಮಾತಾಡಿದ ಹಾಗೇ ಬರೀತಿದೀನಿ, ಮಧ್ಯೆ ಬಂದ ಪ್ರಶ್ನೆಗಳನ್ನೂ ಅಲ್ಲಲ್ಲೇ ಸೇರಿಸಿದೀನಿ.)

ಎಲ್ಲರಿಗೂ ನಮಸ್ಕಾರ. ನಾನು ಹತ್ತೊಂಬತ್ತು ವರ್ಷ ಏರ್ ಟಿಕೆಟಿಂಗ್ ಕೆಲಸದಲ್ಲಿದ್ದೆ. ಇಲ್ಲಿ ಕೂತಿರೋರಲ್ಲಿ ಮುಕ್ಕಾಲು ಪಾಲು ಜನರ ಮಕ್ಕಳು ಹೊರದೇಶದಲ್ಲಿದಾರೆ ಅಂತ ಗೊತ್ತು, ವರ್ಷಕ್ಕೋ ಎರಡು ವರ್ಷಕ್ಕೋ ಒಂದ್ಸಲ ಹೋಗಿ ಬರ್ತೀರಿ, ಟಿಕೆಟ್ ಮಕ್ಕಳೇ ಬುಕ್ ಮಾಡಿ ವಾಟ್ಸಾಪಲ್ಲಿ ಕಳಿಸ್ತಾರೆ, ನೀವು ಪ್ರಿಂಟ್ ತೆಗೆಸ್ಕೊಂಡು ಪಾಸ್‌ಪೋರ್ಟ್ ಜೊತೆ ಪ್ಲಾಸ್ಟಿಕ್ ಕವರಲ್ಲಿ ಇಟ್ಕೊಂಡು ಹೊರಡ್ತೀರಿ.

ಮೊದಲು ಒಂದು ರಾತ್ರಿ ವಿಷ್ಯ ಹೇಳ್ತೀನಿ. ಒಂದೂವರೆಗೆ ಫೋನ್ ಬಂತು. ನಮ್ಮ ಹಳೇ ಗಿರಾಕಿ, ಎಪ್ಪತ್ತು ದಾಟಿದ ಮೇಷ್ಟ್ರು, ದೇವನಹಳ್ಳಿ ಏರ್‌ಪೋರ್ಟಲ್ಲಿ ಚೆಕ್-ಇನ್ ಕೌಂಟರ್ ಮುಂದೆ ನಿಂತಿದಾರೆ, ಪಕ್ಕದಲ್ಲಿ ಅವರ ಮನೆಯವರು, ನಾಲ್ಕು ಸೂಟ್‌ಕೇಸು, ಅದರಲ್ಲಿ ಒಂದು ಪೂರ್ತಿ ಮಗಳ ಬಾಣಂತನದ ಸಾಮಾನು. ಅಳಿಯ ಬುಕ್ ಮಾಡಿದ್ದು. ಬೆಂಗಳೂರಿಂದ ಯೂರೋಪಿನ ಒಂದು ಊರಿಗೆ ಒಂದು ಟಿಕೆಟ್, ಅಲ್ಲಿಂದ ಅಮೆರಿಕಕ್ಕೆ ಬೇರೆ ಏರ್‌ಲೈನಿನ ಇನ್ನೊಂದು ಟಿಕೆಟ್, ಎರಡಕ್ಕೂ ಸಂಬಂಧ ಇಲ್ಲ. ಕೌಂಟರಲ್ಲಿದ್ದ ಹುಡುಗಿ ಕೇಳಿದ್ದು ಸರಿಯಾಗೇ ಇತ್ತು: ನಿಮ್ಮ ಟಿಕೆಟ್ ಯೂರೋಪಿನ ಆ ಊರಿಗೇ ಮುಗಿಯತ್ತೆ, ಬ್ಯಾಗ್ ಅಲ್ಲೇ ಹೊರಗೆ ಬರತ್ತೆ, ಅದನ್ನ ತಗೊಳ್ಳೋಕೆ ನೀವು ಇಮಿಗ್ರೇಷನ್ ದಾಟಬೇಕು, ಷೆಂಗೆನ್ ವೀಸಾ, ಅಂದ್ರೆ ಯೂರೋಪಿನ ಹೆಚ್ಚಿನ ದೇಶಗಳ ಒಳಗೆ ಹೋಗೋಕೆ ಬೇಕಾದ ವೀಸಾ, ಎಲ್ಲಿ? ಇವರ ಹತ್ರ ಇದ್ದಿದ್ದು ಅಮೆರಿಕದ ವೀಸಾ ಮಾತ್ರ. ವಿಮಾನ ಹತ್ತಿಸಲಿಲ್ಲ. ಬೆಳಗಿನ ಜಾವ ಟ್ಯಾಕ್ಸಿ ಮಾಡ್ಕೊಂಡು ವಾಪಸ್ ಮನೆಗೆ ಬಂದ್ರು. ಇಬ್ಬರಿಗೂ ಸೇರಿ ಉಳಿಸಿದ್ದು ಸುಮಾರು 40 ಸಾವಿರ, ಎರಡು ದಿನ ಬಿಟ್ಟು ಹೊಸ ಟಿಕೆಟಿಗೆ ಕೊಟ್ಟಿದ್ದು ಎರಡೂವರೆ ಲಕ್ಷ. ದುಡ್ಡಿನ ಮಾತು ಬಿಡಿ, ಆ ಅಮ್ಮ ಫೋನಲ್ಲಿ "ನಾವು ಏನು ತಪ್ಪು ಮಾಡಿದ್ವಿ ಅಂತ ಹೇಳಪ್ಪ" ಅಂತ ಕೇಳಿದ್ದು ನನಗೆ ಇವತ್ತಿಗೂ ಕಿವಿಯಲ್ಲಿದೆ.

ಆ ಅಳಿಯ ಕೆಟ್ಟವನಲ್ಲ, ಬುದ್ಧಿವಂತ, ಮೂರು ರಾತ್ರಿ ಕೂತು ಹುಡುಕಿದ್ದ. ಅವನಿಗೆ ಅಗ್ಗದ ರೇಟ್ ಕಾಣಿಸ್ತು, ಆ ರೇಟ್ ಯಾಕೆ ಅಗ್ಗ ಅಂತ ಕಾಣಿಸ್ಲಿಲ್ಲ ಅಷ್ಟೇ. ಟಿಕೆಟ್ ಅಗ್ಗ ಆಗಿದೆ ಅಂದ್ರೆ ಎಲ್ಲೋ ಏನೋ ಬಿಟ್ಟುಕೊಟ್ಟಿರ್ತೀವಿ, ಏನು ಬಿಟ್ಟುಕೊಟ್ವಿ, ನಡುವೆ ಏನಾದ್ರೂ ಕೆಟ್ಟರೆ ಅದರ ಭಾರ ಯಾರು ಹೊರ್ತಾರೆ, ಇವತ್ತು ನಾನು ಹೇಳೋದೆಲ್ಲ ಇದರ ಸುತ್ತಲೇ.

ರೇಟ್ ಹೇಗೆ ಇಡ್ತಾರೆ ಅನ್ನೋದು ಗೊತ್ತಿದ್ರೆ ಅರ್ಧ ಕೆಲಸ ಆದಂಗೆ. ದೀಪಾವಳಿ ಟೈಮಲ್ಲಿ ಮಂಗಳೂರಿಗೋ ಹುಬ್ಬಳ್ಳಿಗೋ ಪ್ರೈವೇಟ್ ಸ್ಲೀಪರ್ ಬಸ್ಸಿನ ರೇಟ್ ಏನಾಗತ್ತೆ ಅಂತ ನಿಮಗೆಲ್ಲ ಗೊತ್ತು. ವಿಮಾನದಲ್ಲಿ ಅದು ವರ್ಷವಿಡೀ ದಿನವಿಡೀ ನಡೀತಾನೇ ಇರತ್ತೆ. 180 ಸೀಟಿನ ವಿಮಾನದಲ್ಲಿ ಎಲ್ಲ ಎಕಾನಮಿ ಸೀಟೂ ನೋಡೋಕೆ ಒಂದೇ ಥರ, ಕಾಲು ಚಾಚೋ ಜಾಗಾನೂ ಒಂದೇ, ಆದ್ರೆ ಒಳಗಡೆ ಕಂಪ್ಯೂಟರಲ್ಲಿ ಅವನ್ನ ಹತ್ತು ಹದಿನೈದು ಗುಂಪು ಮಾಡಿರ್ತಾರೆ, ಒಂದೊಂದು ಗುಂಪಿಗೆ ಒಂದೊಂದು ಇಂಗ್ಲಿಷ್ ಅಕ್ಷರ, ನಾವು ಬಕೆಟ್ ಅಂತೀವಿ. ಅಗ್ಗದ ಬಕೆಟ್ ಖಾಲಿ ಆದ್ರೆ ಮುಂದಿನದು ತೆರೆಯತ್ತೆ. 1978ರಲ್ಲಿ ಅಮೆರಿಕದಲ್ಲಿ ಸರ್ಕಾರ ದರ ನಿಗದಿ ಮಾಡೋದನ್ನ ಬಿಟ್ಟ ಮೇಲೆ ಇದು ಬೆಳೀತು. ನಮ್ಮಲ್ಲಿ ಸಾಮಾನ್ಯ ಜನಕ್ಕೆ ಇದರ ರುಚಿ ತೋರಿಸಿದ್ದು ಬೆಂಗಳೂರಿಂದ 2003ರಲ್ಲಿ ಶುರುವಾದ ಕ್ಯಾಪ್ಟನ್ ಗೋಪಿನಾಥ್ ಅವರ ಏರ್ ಡೆಕ್ಕನ್. ಒಂದು ರೂಪಾಯಿ ಟಿಕೆಟ್ ನೆನಪಿದೆಯಲ್ಲ? ವಿಮಾನದಲ್ಲಿ ಕೆಲವೇ ಸೀಟು ಆ ರೇಟಿಗೆ, ಟ್ಯಾಕ್ಸ್ ಬೇರೆ, ಮೊದಲು ಬಂದವರಿಗೆ ಸಿಗ್ತಿತ್ತು, ಕೊನೇಗೆ ಬಂದೋರು ಸಾವಿರಗಟ್ಟಲೆ ಕೊಟ್ಟು ಪಕ್ಕದ ಸೀಟಲ್ಲೇ ಕೂತ್ಕೊಂಡು ಹೋಗ್ತಿದ್ರು. ಅದನ್ನ ಮೋಸ ಅಂತ ಅಂದೋರು ಇದ್ರು, ನಾನು ಒಪ್ಪಲ್ಲ, ಮೊದಲ ಸಲ ವಿಮಾನ ಹತ್ತಿದ ಎಷ್ಟೋ ಮನೆಗಳನ್ನ ನಾನೇ ನೋಡಿದೀನಿ.

ಈ ಬಕೆಟ್ ವಿಷ್ಯದಿಂದ ನಿಮಗೆ ಇವತ್ತೇ ಉಪಯೋಗ ಆಗೋದು ಒಂದಿದೆ. ನಾಲ್ಕು ಜನಕ್ಕೆ ಒಟ್ಟಿಗೆ ಹುಡುಕ್ತೀರಿ ಅಂತ ಇಟ್ಕೊಳ್ಳಿ, ಅಗ್ಗದ ಬಕೆಟಲ್ಲಿ ಎರಡೇ ಸೀಟು ಉಳಿದಿದ್ರೆ ಸಿಸ್ಟಮ್ ಸಾಮಾನ್ಯವಾಗಿ ನಾಲ್ಕೂ ಜನಕ್ಕೆ ಮೇಲಿನ ಬಕೆಟಿನ ರೇಟ್ ಹಾಕತ್ತೆ. ಅದಕ್ಕೆ ಮೊದಲು ಒಬ್ಬರಿಗೆ ಹುಡುಕಿ, ಆಮೇಲೆ ಇಬ್ಬರಿಗೆ, ಆಮೇಲೆ ನಾಲ್ಕು. ರೇಟ್ ಎಲ್ಲಿ ಜಿಗಿಯತ್ತೋ ಅಲ್ಲಿ ಎರಡು ಎರಡಾಗಿ ಬುಕ್ ಮಾಡ್ಬಹುದು. ಇದರಲ್ಲೂ ಒಂದು ತೊಡಕಿದೆ, ಪಿಎನ್ಆರ್, ಅಂದ್ರೆ ಬುಕಿಂಗ್ ನಂಬರ್, ಎರಡಾಗತ್ತೆ, ಫ್ಲೈಟ್ ಟೈಮ್ ಬದಲಾದ್ರೆ ಗಂಡನ್ನ ಒಂದು ವಿಮಾನಕ್ಕೆ ಹೆಂಡತೀನ ಇನ್ನೊಂದಕ್ಕೆ ಹಾಕೋ ಸಾಧ್ಯತೆ ಇರತ್ತೆ, ವಯಸ್ಸಾದವರು ಮಕ್ಕಳು ಇದ್ರೆ ಹಾಗೆ ಬೇರೆ ಮಾಡ್ಬೇಡಿ.

ಒಬ್ಬರು ಕೇಳಿದ್ರು, ಪದೇ ಪದೇ ಹುಡುಕಿದ್ರೆ ರೇಟ್ ಏರಿಸ್ತಾರಂತೆ, ಇನ್‌ಕಾಗ್ನಿಟೊದಲ್ಲಿ, ಅಂದ್ರೆ ಹುಡುಕಿದ ಗುರುತು ಉಳಿಯದ ಬ್ರೌಸರ್ ಕಿಟಕಿಯಲ್ಲಿ, ನೋಡ್ಬೇಕಂತೆ, ಮಂಗಳವಾರ ರಾತ್ರಿ ಬುಕ್ ಮಾಡ್ಬೇಕಂತೆ, ನಿಜಾನಾ ಅಂತ. ನನ್ನ ಅನುಭವದಲ್ಲಿ ಇಲ್ಲ. ನೀವು ಎರಡನೇ ಸಲ ನೋಡೋ ಹೊತ್ತಿಗೆ ಆ ಬಕೆಟ್ ಬೇರೆ ಯಾರೋ ಖಾಲಿ ಮಾಡಿರ್ತಾರೆ. ಯಾವ ದಿನ ಬುಕ್ ಮಾಡ್ತೀರಿ ಅನ್ನೋದಕ್ಕಿಂತ ವರ್ಷದ ಯಾವ ಹೊತ್ತಲ್ಲಿ ಹಾರ್ತೀರಿ ಅನ್ನೋದು ದೊಡ್ಡದು. ಅಮೆರಿಕಕ್ಕೆ ಮೇ-ಜೂನಲ್ಲಿ ಅಪ್ಪ ಅಮ್ಮಂದಿರ ನೂಕುನುಗ್ಗಲು, ಆಗಸ್ಟಲ್ಲಿ ಓದೋಕೆ ಹೋಗೋ ಮಕ್ಕಳದು, ಡಿಸೆಂಬರ್ ಎರಡನೇ ವಾರದಿಂದ ಈ ಕಡೆ ಬರೋರದು. ಫೆಬ್ರವರಿಲೋ ಸೆಪ್ಟೆಂಬರ್ ಕೊನೇಲೋ ಹೋಗೋಕೆ ಆದ್ರೆ ಯಾವ ಟ್ರಿಕ್ಕೂ ಬೇಡ. ಗೂಗಲ್ ಫ್ಲೈಟ್ಸಲ್ಲೋ ಸ್ಕೈಸ್ಕ್ಯಾನರಲ್ಲೋ ತಿಂಗಳ ಕ್ಯಾಲೆಂಡರ್ ತೆಗೆದು ನೋಡಿ, ಎರಡು ದಿನ ಆಚೆ ಈಚೆ ಮಾಡಿದ್ರೇನೇ ಸಾವಿರಗಟ್ಟಲೆ ಇಳಿಯೋದು ಕಣ್ಣಿಗೆ ಕಾಣತ್ತೆ, ಅಲರ್ಟ್ ಹಾಕಿಟ್ರೆ ರೇಟ್ ಇಳಿದಾಗ ಮೇಲ್ ಬರತ್ತೆ. ಅಲ್ಲಿ ಹುಡುಕಿ, ಬುಕಿಂಗ್ ಮಾತ್ರ ಆದಷ್ಟು ಏರ್‌ಲೈನಿನ ಸ್ವಂತ ವೆಬ್‌ಸೈಟಲ್ಲಿ ಮಾಡಿ, ಇನ್ನೂರು ಮುನ್ನೂರು ಜಾಸ್ತಿ ಆದ್ರೂ ಪರವಾಗಿಲ್ಲ. ಯಾಕಂದ್ರೆ ಫ್ಲೈಟ್ ಕ್ಯಾನ್ಸಲ್ ಆದ ದಿನ ಏರ್‌ಲೈನ್ ಏಜೆಂಟ್ ಹತ್ರ ಹೋಗಿ ಅನ್ನತ್ತೆ, ಏಜೆಂಟ್ ಏರ್‌ಲೈನ್ ಹತ್ರ ಹೋಗಿ ಅಂತಾರೆ, ಮಧ್ಯದಲ್ಲಿ ನೀವು.

ಅಮೆರಿಕಕ್ಕೆ ಹೋಗಿ ಬರೋ ಟಿಕೆಟ್ ಏರ್‌ಲೈನ್ ಹತ್ರ ನೇರ ತಗೊಂಡ್ರೆ ಇನ್ನೊಂದು ಲಾಭ ಇದೆ, ಪ್ರಯಾಣಕ್ಕೆ ಏಳು ದಿನಕ್ಕಿಂತ ಮುಂಚೆ ಬುಕ್ ಮಾಡಿದ್ರೆ 24 ಗಂಟೆ ಒಳಗೆ ದಂಡ ಇಲ್ಲದೆ ಕ್ಯಾನ್ಸಲ್ ಮಾಡೋಕೆ ಬಿಡಬೇಕು, ಇಲ್ಲಾ ದುಡ್ಡಿಲ್ಲದೆ ಅಷ್ಟು ಹೊತ್ತು ಆ ರೇಟ್ ಹಿಡಿದಿಡಬೇಕು, ಅಲ್ಲಿನ ಸರ್ಕಾರದ ನಿಯಮ ಅದು. ನಮ್ಮ ದೇಶದ ವಿಮಾನಯಾನ ನಿಯಂತ್ರಕ ಡಿಜಿಸಿಎ ಕೂಡ ಇಂಥದೇ ಸೌಲಭ್ಯ ಇಟ್ಟಿದೆ, ಷರತ್ತುಗಳನ್ನ ಬುಕ್ ಮಾಡೋ ದಿನ ಏರ್‌ಲೈನ್ ವೆಬ್‌ಸೈಟಲ್ಲಿ ಓದ್ಕೊಳ್ಳಿ.

ಟಿಕೆಟ್ ರೇಟ್ ಅಂದ್ರೆ ಒಂದೇ ಮೊತ್ತ ಅಲ್ಲ, ಬೇಸ್ ಫೇರ್, ಕೆಲವು ಕಡೆ ಫ್ಯೂಯೆಲ್ ಸರ್‌ಚಾರ್ಜ್, ಏರ್‌ಪೋರ್ಟ್ ಬಳಸೋದಕ್ಕೆ ಹಾಕೋ ಯುಡಿಎಫ್ ಶುಲ್ಕ, ಜಿಎಸ್‌ಟಿ, ಹೀಗೆ ಕೂಡಿರತ್ತೆ. ಹಿರಿಯ ನಾಗರಿಕರಿಗೆ, ವಿದ್ಯಾರ್ಥಿಗಳಿಗೆ ಅಂತ ಕೊಡೋ ರಿಯಾಯಿತಿ ಸಾಮಾನ್ಯವಾಗಿ ಬೇಸ್ ಫೇರ್ ಮೇಲೆ ಮಾತ್ರ. ಒಂದೊಂದು ಸಲ ಸೇಲಲ್ಲಿರೋ ಮಾಮೂಲಿ ಟಿಕೆಟ್ಟೇ ಹಿರಿಯರ ರಿಯಾಯಿತಿ ಟಿಕೆಟಿಗಿಂತ ಕಮ್ಮಿಗೆ ಸಿಗತ್ತೆ, ಎರಡನ್ನೂ ತೆಗೆದು ನೋಡಿ. ಇನ್ನೊಂದು ತುಂಬಾ ಜನಕ್ಕೆ ಗೊತ್ತಿಲ್ಲ. ನೀವು ಹೋಗ್ಲೇ ಇಲ್ಲ, ನೋ-ಶೋ ಆಯ್ತು, ಟಿಕೆಟ್ ನಾನ್-ರಿಫಂಡಬಲ್, ಆದ್ರೂ ಸರ್ಕಾರಿ ತೆರಿಗೆ ಮತ್ತೆ ಯುಡಿಎಫ್‌ನಂಥ ಏರ್‌ಪೋರ್ಟ್ ಶುಲ್ಕನ ಏರ್‌ಲೈನ್ ವಾಪಸ್ ಕೊಡಬೇಕು, ಪ್ರೋಮೋ ಟಿಕೆಟಿಗೂ ಅನ್ವಯ ಆಗತ್ತೆ, ಡಿಜಿಸಿಎ ನಿಯಮದಲ್ಲೇ ಇದೆ. ಕ್ಯಾನ್ಸಲೇಷನ್ ಚಾರ್ಜ್ ಕೂಡ ಬೇಸ್ ಫೇರ್ ಪ್ಲಸ್ ಫ್ಯೂಯೆಲ್ ಸರ್‌ಚಾರ್ಜ್ ದಾಟೋ ಹಾಗಿಲ್ಲ. ಕೇಳಿ ತಗೊಳ್ಳಿ. ಕೊಡದಿದ್ರೆ ಏರ್‌ಸೇವಾ ಅನ್ನೋ ಸರ್ಕಾರಿ ವೆಬ್‌ಸೈಟಲ್ಲಿ ದೂರು ಹಾಕಿ, ಇಲ್ಲಾ ಗ್ರಾಹಕ ಸಹಾಯವಾಣಿ 1915ಕ್ಕೆ ಫೋನ್ ಮಾಡಿ. ಬುಕಿಂಗ್ ಆ್ಯಪಲ್ಲಿ ನೀವು ಕೇಳದೇ ಇನ್ಶೂರೆನ್ಸು, ದಾನ, ಮತ್ತೊಂದು ಟಿಕ್ ಆಗಿ ಕೂತಿದ್ರೂ ತೆಗೀರಿ, ಹಾಗೆ ಸೇರಿಸೋದನ್ನ ಗ್ರಾಹಕರನ್ನ ಮರುಳು ಮಾಡೋ ಡಾರ್ಕ್ ಪ್ಯಾಟರ್ನ್ ತಂತ್ರಗಳ ಮೇಲೆ ಸರ್ಕಾರ ತಂದ 2023ರ ಮಾರ್ಗಸೂಚಿಯಲ್ಲಿ ನಿಷೇಧ ಮಾಡಿದಾರೆ.

ಹತ್ತಿರದ ಬೇರೆ ಊರುಗಳ ಏರ್‌ಪೋರ್ಟುಗಳನ್ನೂ ಮರೀಬೇಡಿ. ಸಣ್ಣ ಊರುಗಳಿಗೂ ವಿಮಾನ ಬರಲಿ ಅಂತ ಕೇಂದ್ರ ಸರ್ಕಾರ ಮಾಡಿದ ಉಡಾನ್ ಯೋಜನೆಯಲ್ಲಿ ಸುಮಾರು ಒಂದು ಗಂಟೆ ಹಾರಾಟಕ್ಕೆ 2,500 ರೂಪಾಯಿ ಮಿತಿ ಅಂತ 2017ರಲ್ಲಿ ಶುರುವಾಯ್ತು, ಮೈಸೂರು, ಹುಬ್ಬಳ್ಳಿ, ಬೆಳಗಾವಿ, ಕಲಬುರಗಿ, ಬೀದರ್ ಎಲ್ಲಾ ಅದರಲ್ಲಿ ಬಂದವು, ರೂಟುಗಳು ಬರ್ತವೆ ನಿಲ್ತವೆ, ಆಗಾಗ ನೋಡ್ತಿರಬೇಕು. ಗಲ್ಫಿಗೆ ಹೋಗೋ ಕರಾವಳಿ ಜನ ಮಂಗಳೂರು, ಕಣ್ಣೂರು, ಕೊಚ್ಚಿ ಮೂರೂ ನೋಡ್ತಾರೆ, ಅದು ಸರಿಯಾದ ಬುದ್ಧಿ.

ಈಗ ಒಳದಾರಿಗಳಿಗೆ ಬರ್ತೀನಿ.

ಮಕ್ಕಳು ಹೆಚ್ಚು ಮಾತಾಡೋದು ಹಿಡನ್ ಸಿಟಿ ಟಿಕೆಟ್ ಬಗ್ಗೆ. ಬೆಂಗಳೂರಿಂದ ಫ್ರಾಂಕ್‌ಫರ್ಟಿಗೆ ನೇರ ವಿಮಾನ ಇದೆ, ಅದರ ರೇಟ್ ಜಾಸ್ತಿ. ಅದೇ ವಿಮಾನ ಹತ್ತಿ ಫ್ರಾಂಕ್‌ಫರ್ಟಲ್ಲಿ ಬದಲಿಸಿ ಇನ್ನೂ ಮುಂದಿನ ಊರಿಗೆ ಹೋಗೋ ಟಿಕೆಟ್ ಕೆಲವು ಸಲ ಅದಕ್ಕಿಂತ ಕಮ್ಮಿ! ಕೇಳೋಕೆ ವಿಚಿತ್ರ, ಆದ್ರೆ ಕಾರಣ ಸರಳ, ರೇಟ್ ಇಡೋದು ದೂರ ನೋಡಿ ಅಲ್ಲ, ಪೈಪೋಟಿ ನೋಡಿ. ನೇರ ಹೋಗೋನಿಗೆ ಬೇರೆ ದಾರಿ ಕಮ್ಮಿ, ಮುಂದಿನ ಊರಿಗೆ ಹೋಗೋನಿಗೆ ದುಬೈ, ದೋಹಾ, ಅಬುಧಾಬಿ ಮೇಲೆ ಹತ್ತು ದಾರಿ, ಹಾಗಾಗಿ ಅಲ್ಲಿ ಇಳಿಸಲೇಬೇಕು. ಆಗ ಕೆಲವರು ಮುಂದಿನ ಊರಿಗೆ ಟಿಕೆಟ್ ತಗೊಂಡು ನಡುವೆ ಇಳಿದು ಹೋಗ್ತಾರೆ. ಅಮೆರಿಕದಲ್ಲಿ ಸ್ಕಿಪ್‌ಲ್ಯಾಗ್ಡ್ ಅನ್ನೋ ವೆಬ್‌ಸೈಟ್ ಇದನ್ನೇ ಹುಡುಕಿ ಕೊಡತ್ತೆ. 2014ರಲ್ಲಿ ಅಲ್ಲಿನ ಯುನೈಟೆಡ್ ಏರ್‌ಲೈನ್ಸ್ ಅದರ ಮೇಲೆ ಕೇಸ್ ಹಾಕ್ತು, ನಮ್ಮ ವ್ಯಾಪ್ತಿಗೆ ಬರಲ್ಲ ಅಂತ ಮುಂದಿನ ವರ್ಷ ಕೋರ್ಟ್ ವಜಾ ಮಾಡ್ತು. 2023ರಲ್ಲಿ ಅಮೆರಿಕನ್ ಏರ್‌ಲೈನ್ಸ್ ಟೆಕ್ಸಸಲ್ಲಿ ಹಾಕ್ತು, 2024ರ ಅಕ್ಟೋಬರಲ್ಲಿ ಜ್ಯೂರಿ 94 ಲಕ್ಷ ಡಾಲರ್ ಕೊಡಬೇಕು ಅಂತು, ಆದ್ರೆ ಅದು ಏರ್‌ಲೈನಿನ ಲೋಗೋ ಬಳಸಿದ ಕಾಪಿರೈಟ್ ವಿಷಯಕ್ಕೆ, ನಡುವೆ ಇಳಿಯೋದು ಅಪರಾಧ ಅಂತ ಯಾರೂ ತೀರ್ಪು ಕೊಟ್ಟಿದ್ದಲ್ಲ. ಜರ್ಮನಿಯ ಲುಫ್ತಾನ್ಸಾ ಏರ್‌ಲೈನ್ ಒಬ್ಬ ಪ್ರಯಾಣಿಕನ ಮೇಲೇ ಕೇಸ್ ಹಾಕಿತ್ತು, ಓಸ್ಲೋದಿಂದ ಫ್ರಾಂಕ್‌ಫರ್ಟ್ ಮೇಲೆ ಸಿಯಾಟಲ್‌ಗೆ ಹೋಗಿ ವಾಪಸ್ ಬರುವಾಗ ಕೊನೇ ತುಂಡು ಬಿಟ್ಟ ಅಂತ, ಎರಡು ಸಾವಿರ ಯೂರೋ ಮೇಲೆ ಕೇಳಿತ್ತು, ಬರ್ಲಿನ್ ಕೋರ್ಟ್ 2018ರ ಡಿಸೆಂಬರಲ್ಲಿ ಅದನ್ನೂ ವಜಾ ಮಾಡ್ತು.

ಹಾಗಾದ್ರೆ ಮಾಡ್ಬಹುದಲ್ಲ ಅಂತ ಹಿಂದಿನ ಸಾಲಲ್ಲಿದ್ದ ಒಬ್ಬ ಹುಡುಗ ಕೇಳಿದ. ಕಾನೂನು ಜೈಲಿಗೆ ಹಾಕಲ್ಲ ನಿಜ, ಆದ್ರೆ ಟಿಕೆಟ್ ತಗೊಳ್ಳುವಾಗ ಒಪ್ಪಿಗೆ ಅಂತ ಒತ್ತಿದ ಕರಾರಲ್ಲಿ ಅಮೆರಿಕದ ದೊಡ್ಡ ಏರ್‌ಲೈನುಗಳೆಲ್ಲ ಇದನ್ನ ಬೇಡ ಅಂದಿದಾವೆ, ಟಿಕೆಟ್ ರದ್ದು ಮಾಡ್ಬಹುದು, ಹಾರಿದ್ದಕ್ಕೆ ಕೂಡಿದ ಮೈಲ್ಸ್ ಪಾಯಿಂಟ್ ಕಿತ್ಕೊಳ್ಳಬಹುದು. 2023ರಲ್ಲಿ ಫ್ಲಾರಿಡಾದಲ್ಲಿ ಒಂಟಿಯಾಗಿ ಹೊರಟಿದ್ದ ಹದಿಹರೆಯದ ಹುಡುಗ ಒಬ್ಬ ನಡುವಿನ ಊರಲ್ಲಿ ಇಳೀತಾನೆ ಅಂತ ಕೌಂಟರಲ್ಲೇ ಗೊತ್ತಾಗಿ ಟಿಕೆಟ್ ರದ್ದಾಗಿ, ಮನೆಯವರು ಹೊಸ ಟಿಕೆಟ್ ಕೊಳ್ಳಬೇಕಾಯ್ತು. ಇದು ಅಲ್ಲಿಯವರ ಕಥೆ. ನಮ್ಮ ಪಾಸ್‌ಪೋರ್ಟ್ ಹಿಡಿದೋರಿಗೆ ಇನ್ನೂ ಎರಡು ಬೀಗ ಇದೆ. ಬ್ಯಾಗ್ ಟ್ಯಾಗ್ ಕೊನೇ ಊರಿಗೆ ಬೀಳತ್ತೆ, ನೀವು ನಡುವೆ ಇಳಿದ್ರೆ ನಿಮ್ಮ ಉಪ್ಪಿನಕಾಯಿ ಮುಂದೆ ಹೋಗತ್ತೆ. ಮತ್ತೆ ವೀಸಾ, ಕೌಂಟರಲ್ಲಿ ಟಿಕೆಟ್ ಯಾವ ಊರಿಗಿದೆಯೋ ಆ ಊರಿನ ವೀಸಾ ಕೇಳ್ತಾರೆ, ನಿಮ್ಮ ಹತ್ರ ಇಳಿಯೋ ಊರಿನ ವೀಸಾ ಮಾತ್ರ ಇರತ್ತೆ, ಬೆಂಗಳೂರಲ್ಲೇ ಮುಗೀತು. ಹವಾಮಾನ ಕೆಟ್ಟು ನಿಮ್ಮನ್ನ ಬೇರೆ ದಾರೀಲಿ ಕಳಿಸಿದ್ರೆ ನೀವು ಇಳೀಬೇಕಿದ್ದ ಊರು ದಾರೀಲೇ ಇರಲ್ಲ, ಕೇಳೋ ಹಕ್ಕೂ ಇರಲ್ಲ, ಯಾಕಂದ್ರೆ ಕೊನೇ ಊರಿಗೆ ಮುಟ್ಟಿಸಿದ್ರೆ ಅವರ ಕೆಲಸ ಮುಗೀತು.

ಇನ್ನೊಂದು, ಒನ್-ವೇಗಿಂತ ಹೋಗಿ ಬರೋ ಟಿಕೆಟ್ ಅಗ್ಗ ಇದ್ರೆ ಅದನ್ನ ತಗೊಂಡು ವಾಪಸ್ ಭಾಗ ಬಿಡೋದು. ಇದನ್ನ ಓದೋಕೆ ಹೋಗೋ ಮಕ್ಕಳು ಮಾಡ್ತಾರೆ, ಕೊನೇ ಭಾಗ ಬಿಟ್ರೆ ಬಹಳ ಸಲ ಏನೂ ಆಗಲ್ಲ, ಆದ್ರೂ ಕರಾರಿಗೆ ವಿರುದ್ಧ ಅನ್ನೋದು ಗೊತ್ತಿರಲಿ. ಆದ್ರೆ ಮೊದಲ ಭಾಗ ಮಾತ್ರ ಯಾವತ್ತೂ ಬಿಡ್ಬೇಡಿ! ಮುಂಬೈ ಮೇಲೆ ಲಂಡನ್‌ಗೆ ಟಿಕೆಟ್ ಇದೆ, ನಾನು ಹೇಗೂ ಮುಂಬೈಲೇ ಇದೀನಿ, ಬೆಂಗಳೂರು-ಮುಂಬೈ ತುಂಡು ಬಿಟ್ಟು ಅಲ್ಲೇ ಹತ್ಕೋತೀನಿ ಅಂದ್ರೆ, ಮೊದಲ ತುಂಡಿಗೆ ನೀವು ಬರಲಿಲ್ಲ ಅಂತ ಆದ ಕೂಡ್ಲೇ ಮುಂದಿಂದೆಲ್ಲ, ವಾಪಸ್ ಬರೋದೂ ಸೇರಿ, ರದ್ದಾಗತ್ತೆ. ಮದುವೆ ಮುಗಿಸ್ಕೊಂಡು ಮುಂಬೈಯಿಂದಲೇ ಹೊರಟ ಒಂದು ಕುಟುಂಬ ಹೀಗೆ ಸಿಕ್ಕಿಹಾಕ್ಕೊಂಡಿದ್ದನ್ನ ನಾನು ನೋಡಿದೀನಿ, ಮೊದಲೇ ಒಂದು ಫೋನ್ ಮಾಡಿದ್ರೆ ದಂಡ ಕಟ್ಟಿ ಸರಿ ಮಾಡ್ಬಹುದಿತ್ತು.

ಬೇರೆ ಬೇರೆ ಟಿಕೆಟ್ ಜೋಡಿಸೋದು ಮೇಷ್ಟ್ರ ಕಥೆಯಲ್ಲೇ ಹೇಳಿದೆ. ದೇಶದೊಳಗೂ ಅದೇ ಕಷ್ಟ, ಬೆಂಗಳೂರಿಂದ ದೆಹಲಿಗೆ ಒಂದು, ದೆಹಲಿಯಿಂದ ಹೊರಗೆ ಇನ್ನೊಂದು ಟಿಕೆಟ್, ಒಂದು ಇಳಿಯೋದು ಟರ್ಮಿನಲ್ 1, ಇನ್ನೊಂದು ಹೊರಡೋದು ಟರ್ಮಿನಲ್ 3, ಮಧ್ಯೆ ಬ್ಯಾಗ್ ತಗೊಂಡು ರಸ್ತೇಲಿ ಹೋಗ್ಬೇಕು, ಚಳಿಗಾಲದ ಮಂಜಲ್ಲಿ ಮೊದಲನೇದು ಲೇಟ್ ಆದ್ರೆ ಎರಡನೇ ಏರ್‌ಲೈನ್ ನಿಮಗೋಸ್ಕರ ಏನೂ ಮಾಡಲ್ಲ. ಜೋಡಿಸಲೇಬೇಕು ಅಂದ್ರೆ ಹಿಂದಿನ ದಿನವೇ ಹೋಗಿ ಉಳ್ಕೊಳ್ಳಿ, ಆ ಹೋಟೆಲ್ ಖರ್ಚು ಸೇರಿಸಿ ಲೆಕ್ಕ ಹಾಕಿ.

ಏರ್‌ಲೈನೇ ತಪ್ಪಾಗಿ ಕಮ್ಮಿ ಹಾಕಿಬಿಟ್ಟ ರೇಟುಗಳ ಬಗ್ಗೆ ಎರಡೇ ಮಾತು. 2019ರ ಹೊಸ ವರ್ಷದ ಹೊತ್ತಿಗೆ ಕ್ಯಾಥೆ ಪೆಸಿಫಿಕ್ ವಿಯೆಟ್ನಾಮಿಂದ ಅಮೆರಿಕಕ್ಕೆ ಬಿಸಿನೆಸ್ ಕ್ಲಾಸನ್ನ ಸಾವಿರ ಡಾಲರಿಗಿಂತ ಕಮ್ಮಿಗೆ ಮಾರಿಬಿಟ್ಟು, ಆಮೇಲೆ ಆ ಟಿಕೆಟ್‌ಗಳನ್ನ ಒಪ್ಕೊಂಡ್ತು. 2015ರಲ್ಲಿ ಯುನೈಟೆಡ್‌ನ ಡೆನ್ಮಾರ್ಕ್ ಸೈಟಲ್ಲಿ ಹಾಗೇ ಆದಾಗ ಎಲ್ಲಾ ರದ್ದಾಯ್ತು, ಅಮೆರಿಕದ ಸಾರಿಗೆ ಇಲಾಖೆ ಪ್ರಯಾಣಿಕರ ಪರ ನಿಲ್ಲಲಿಲ್ಲ. ಅಂಥದ್ದು ಸಿಕ್ಕಿದ್ರೆ ಹೋಟೆಲ್ ಗೀಟೆಲ್ ಬುಕ್ ಮಾಡದೆ ಎರಡು ವಾರ ಕಾಯಿರಿ.

ನನಗೆ ಹೆಚ್ಚು ಸಂಕಟ ಕೊಡೋದು ಇದ್ಯಾವುದೂ ಅಲ್ಲ, ನಮ್ಮೂರಲ್ಲೇ ನಡೆಯೋ ಅಡ್ಡದಾರಿಗಳು. ಡಿಗ್ರಿ ಮುಗಿಸಿ ಇಪ್ಪತ್ತು ವರ್ಷ ಆದವರಿಗೆ ಸ್ಟೂಡೆಂಟ್ ಫೇರ್, ಸೈನ್ಯಕ್ಕೆ ಸಂಬಂಧವೇ ಇಲ್ಲದೋರಿಗೆ ಡಿಫೆನ್ಸ್ ಫೇರ್, ಹಡಗು ನೋಡದೋರಿಗೆ ಸೀಮನ್ ಫೇರ್ ಹಾಕಿ ಕೊಡೋ ಏಜೆಂಟ್‌ಗಳಿದಾರೆ. ಕೌಂಟರಲ್ಲಿ ಐಡಿ ಕೇಳಿದ್ರೆ ಆ ಕ್ಷಣದ ಪೂರ್ತಿ ರೇಟ್ ವ್ಯತ್ಯಾಸ ಕಟ್ಟಬೇಕು, ಇಲ್ಲಾ ಹತ್ತಿಸಲ್ಲ. ಸೈನಿಕರಿಗೆ ಇಟ್ಟಿದ್ದನ್ನ ನಾವು ತಗೊಳ್ಳೋದು ಸರಿನಾ ಅನ್ನೋದನ್ನ ನಾನು ಹೇಳಬೇಕಾಗಿಲ್ಲ. ಇನ್ನು ಫಿಕ್ಸೆಡ್ ಡಿಪಾರ್ಚರ್ ಅಂತ ಬರತ್ತೆ, ಏಜೆಂಟ್ ಮೊದಲೇ ಗ್ರೂಪ್ ಸೀಟ್ ಎತ್ತಿಟ್ಕೊಂಡು ಆಮೇಲೆ ಹೆಸರು ಹಾಕೋದು, ಇದು ಅಕ್ರಮ ಅಲ್ಲ, ನಾನೂ ಮಾರಿದೀನಿ, ಆದ್ರೆ ಪಿಎನ್ಆರ್ ಕೈಗೆ ಬರೋದು ಹೊರಡೋಕೆ ಒಂದೆರಡು ದಿನ ಮುಂಚೆ, ಕ್ಯಾನ್ಸಲ್ ಮಾಡಿದ್ರೆ ಸೊನ್ನೆ, ಅಲ್ಲೀತನಕ ನಿಮ್ಮ ಹತ್ರ ಇರೋದು ಅವರ ಬಾಯಿ ಮಾತು ಮಾತ್ರ. ಪರಿಚಯ ಇಲ್ಲದೋರ ಹತ್ರ ತಗೋಬೇಡಿ. ಟೆಲಿಗ್ರಾಂ ಗುಂಪಲ್ಲಿ ಅರ್ಧ ರೇಟಿಗೆ ಟಿಕೆಟ್ ಅಂತ ಬಂದ್ರೆ ಅದರಲ್ಲಿ ಬಹುಪಾಲು ಕದ್ದ ಕ್ರೆಡಿಟ್ ಕಾರ್ಡಲ್ಲಿ ಇಲ್ಲಾ ಯಾರದೋ ಖಾತೆಯ ಮೈಲ್ಸಲ್ಲಿ ತೆಗೆದದ್ದು, ಸಿಕ್ಕಿಬೀಳೋದು ಏರ್‌ಪೋರ್ಟಲ್ಲಿ ನಿಂತಿರೋ ನೀವು. ದುಡ್ಡು ಹೋಗಿದ್ರೆ ತಡ ಮಾಡದೆ ಸೈಬರ್ ವಂಚನೆಯ ಸಹಾಯವಾಣಿ 1930ಕ್ಕೆ ಫೋನ್ ಮಾಡಿ.

ತುಂಬಾ ಮುಂಚೆ ಬುಕ್ ಮಾಡೋದರಲ್ಲೂ ಒಂದು ಎಚ್ಚರ ಬೇಕು. 2019ರ ಏಪ್ರಿಲಲ್ಲಿ ಜೆಟ್ ಏರ್‌ವೇಸ್ ನಿಂತಾಗ, 2023ರ ಮೇನಲ್ಲಿ ಗೋ ಫಸ್ಟ್ ನಿಂತಾಗ, ಅಗ್ಗ ಅಂತ ಆರು ತಿಂಗಳು ಮುಂಚೆ ತಗೊಂಡೋರ ದುಡ್ಡು ಸಿಕ್ಕಿಹಾಕ್ಕೊಂಡ್ತು. ಏರ್‌ಲೈನ್ ಸಂಬಳ ಕೊಡ್ತಿಲ್ಲ, ವಿಮಾನ ನಿಲ್ಲಿಸ್ತಿದೆ ಅಂತ ಪೇಪರಲ್ಲಿ ಬರ್ತಿದ್ರೆ ದೂರದ ತಾರೀಖಿಗೆ ತಗೋಬೇಡಿ, ತಗೊಂಡ್ರೂ ಕ್ರೆಡಿಟ್ ಕಾರ್ಡಲ್ಲಿ ಕಟ್ಟಿ, ಬ್ಯಾಂಕಲ್ಲಿ ಚಾರ್ಜ್‌ಬ್ಯಾಕ್, ಅಂದ್ರೆ ಕಟ್ಟಿದ ದುಡ್ಡು ವಾಪಸ್, ಕೇಳೋ ದಾರಿ ಇರತ್ತೆ.

ಕೊನೇಗೆ ಟಿಕೆಟ್ ಓದೋದು ತೋರಿಸಿ ಅಂದ್ರು. ಮುಂದಿನ ಸಾಲಲ್ಲಿದ್ದ ಒಬ್ಬ ಅಮ್ಮ ತಮ್ಮ ಪ್ರಿಂಟ್ ಕೊಟ್ರು, ಮುಂದಿನ ವಾರ ಮಗನ ಹತ್ರ ಹೋಗೋದು, ಪರಿಚಯದೋರ ಮೂಲಕ ಯಾರೋ ಏಜೆಂಟ್ ಹತ್ರ ತಗೊಂಡಿದ್ದು. ಎಲ್ಲರೂ ಸುತ್ತ ಸೇರಿದ್ರು. ಮೇಲೆ ಆರು ಅಕ್ಷರದ ಪಿಎನ್ಆರ್ ಇತ್ತು, ಹೆಸರು ಪಾಸ್‌ಪೋರ್ಟಲ್ಲಿದ್ದ ಹಾಗೇ ಇತ್ತು, ತಾರೀಖು ಸರಿ. ಪಿಎನ್ಆರ್ ಅಂದ್ರೆ ಸೀಟ್ ಹಿಡಿದಿದಾರೆ ಅಂತ ಮಾತ್ರ, ದುಡ್ಡು ಕಟ್ಟಿ ಟಿಕೆಟ್ ಆಗಿದೆ ಅನ್ನೋದಕ್ಕೆ 13 ಅಂಕಿಯ ಇ-ಟಿಕೆಟ್ ನಂಬರ್ ಇರಬೇಕು, ಮೊದಲ ಮೂರು ಅಂಕಿ ಏರ್‌ಲೈನಿನ ಗುರುತು, ಏರ್ ಇಂಡಿಯಾದ್ದಾದ್ರೆ 098, ಎಮಿರೇಟ್ಸ್ 176, ಲುಫ್ತಾನ್ಸಾ 220. ಇಂಡಿಗೋ ಥರದ ಕಮ್ಮಿ ದರದ ಏರ್‌ಲೈನಲ್ಲಿ ಪಿಎನ್ಆರ್ ಮಾತ್ರ ಕಾಣೋದೂ ಉಂಟು, ಆಗ ಅವರ ವೆಬ್‌ಸೈಟಲ್ಲಿ ಹಾಕಿ ಕನ್‌ಫರ್ಮ್ಡ್ ಅಂತ ಬರತ್ತಾ ನೋಡ್ಬೇಕು. ಈ ಅಮ್ಮನ ಪ್ರಿಂಟಲ್ಲಿ ಟಿಕೆಟ್ ನಂಬರ್ ಇರಬೇಕಾದ ಜಾಗದಲ್ಲಿ ಖಾಲಿ ಗೆರೆ. ಅಲ್ಲೇ ಏರ್‌ಲೈನಿಗೆ ಫೋನ್ ಹಚ್ಚಿದ್ವಿ, ಬುಕಿಂಗ್ ಹೋಲ್ಡಲ್ಲಿದೆ, ಇವತ್ತು ರಾತ್ರಿ ಹನ್ನೆರಡಕ್ಕೆ ಬಿದ್ದುಹೋಗತ್ತೆ ಅಂದ್ರು. ಅವರು ಏಜೆಂಟಿಗೆ ದುಡ್ಡು ಕೊಟ್ಟು ಹನ್ನೊಂದು ದಿನ ಆಗಿತ್ತು. ಏಜೆಂಟ್ ಮೊದಲು ಫೋನ್ ಎತ್ತಲಿಲ್ಲ, ಆಮೇಲೆ ನಾನು ಮಾತಾಡಿದೆ, ಅಮ್ಮನ ಮಗನೂ ಅಲ್ಲಿಂದ ಮಾತಾಡಿದ. ರಾತ್ರಿ ಎಂಟೂವರೆಗೆ ಅಮ್ಮ ನನಗೆ ಸ್ಕ್ರೀನ್‌ಶಾಟ್ ಕಳಿಸಿದ್ರು, 13 ಅಂಕಿಗೂ ಕೆಂಪು ಬಣ್ಣದಲ್ಲಿ ಸುತ್ತ ಗೆರೆ ಹಾಕಿದ್ರು, ಕೆಳಗೆ "ಎಣಿಸಿದೀನಿ, ಸರಿ ಇದೆ" ಅಂತ ಬರೆದಿದ್ರು.